2018ರ ಮೂರು ಸಿನಿಮಾ: ನನ್ನ ಲೆಕ್ಕದಲ್ಲಿ ಯಾವುದು ಮೊದಲು?



2018ರಲ್ಲಿ ಕನ್ನಡದಲ್ಲಿ ತುಂಬಾ ಸಿನಿಮಾ ಬಂದವು. ಆಗ ನಾನು ಸಣ್ಣವನು. ಆಮೇಲೆ ಟೀವಿಯಲ್ಲಿ ನೋಡಿದ್ದು. ಅವುಗಳಲ್ಲಿ ಮೂರು ನನಗೆ ಬಹಳ ಇಷ್ಟ. ಯಾವುದು ಮೊದಲು ಅಂತ ನಮ್ಮ ತರಗತಿಯಲ್ಲಿ ಜಗಳವೇ ಆಗಿದೆ. ಅದಕ್ಕೇ ನನ್ನ ಅಭಿಪ್ರಾಯ ಬರೆದಿದ್ದೇನೆ.

ಮೂರನೇ ಸ್ಥಾನ ‘ಕೆ.ಜಿ.ಎಫ್.’ಗೆ. ಸಿಟ್ಟು ಮಾಡ್ಕೋಬೇಡಿ! ಯಶ್ ನನಗೂ ಇಷ್ಟ. ಪ್ರಶಾಂತ್ ನೀಲ್ ನಿರ್ದೇಶಿಸಿದ ಈ ಚಿತ್ರ ಐದು ಭಾಷೆಗಳಲ್ಲಿ ಬಂತು, ಸಾಹಸಕ್ಕೆ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಆದರೆ ಹೊಡೆದಾಟ ಮುಗಿಯೋದೇ ಇಲ್ಲ. ಚಿನ್ನದ ಗಣಿಯಲ್ಲಿ ದುಡಿಯುವ ಜನರ ಕಷ್ಟವನ್ನು ಇನ್ನೂ ಸ್ವಲ್ಪ ತೋರಿಸಬೇಕಿತ್ತು.

ಎರಡನೆಯದು ಡಿ. ಸತ್ಯಪ್ರಕಾಶ್ ಅವರ ‘ಒಂದಲ್ಲಾ ಎರಡಲ್ಲಾ’. ಸಮೀರ ಎಂಬ ಪುಟ್ಟ ಹುಡುಗ ಕಳೆದುಹೋದ ತನ್ನ ದನವನ್ನು ಹುಡುಕುವ ಕಥೆ. ಸಮೀರನ ಪಾತ್ರ ಮಾಡಿದ ರೋಹಿತ್‌ಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಮನೆಯಲ್ಲೂ ಸಂಜೆ ಬ್ಯಾಣದಿಂದ ದನ ಬರದಿದ್ದರೆ ಅಮ್ಮ ಊಟ ಮಾಡೋದಿಲ್ಲ. ಸಮೀರನ ಸಂಕಟವನ್ನು ಹೊಸನಗರದ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯದು ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಹೆಸರೇ ನಮ್ಮ ಶಾಲೆಯ ಬೋರ್ಡಿನ ಹಾಗಿದೆ! ನಿರ್ದೇಶಕರು ರಿಷಬ್ ಶೆಟ್ಟಿ. ಅತ್ಯುತ್ತಮ ಮಕ್ಕಳ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಪಡೆದಿದೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡ ಶಾಲೆಗೆ ಕನ್ನಡವೇ ಬಾರದ ಮೇಷ್ಟ್ರು ಬರ್ತಾರೆ. ಶಾಲೆ ಮುಚ್ಚುವ ಹೊತ್ತಿಗೆ ಮಕ್ಕಳು ಅನಂತನಾಗ್ ಅವರನ್ನು ಕರೆತರುತ್ತಾರೆ. ನಮ್ಮ ತೀರ್ಥಹಳ್ಳಿ ಕಡೆಯ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ನಲ್ಲಿ ನಟಿಸಿದವರೇ ಇವರು.

ನೋಡುವಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಯೋಚನೆ ಬಂತು. ಆ ಕಥೆಯಲ್ಲಿ ಕಲಿಯೋಕೆ ಮಕ್ಕಳಿದ್ದಾರೆ, ಶಾಲೆ ಮುಚ್ಚಲು ಹೊರಡ್ತಾರೆ. ನಮ್ಮಲ್ಲಿ ಶಾಲೆ ಇದೆ, ಮೇಷ್ಟ್ರಿಗೆ ಕನ್ನಡವೂ ಬರುತ್ತದೆ, ಆದರೆ ಮಕ್ಕಳೇ ಕಡಿಮೆ. ನಮ್ಮ ಏಳನೇ ತರಗತಿಯಲ್ಲಿ 11 ಜನ, ಒಂದನೇ ತರಗತಿಯಲ್ಲಿ ಬರೀ 3. ದಿನಾ ಬೆಳಿಗ್ಗೆ ಪೇಟೆಯ ಇಂಗ್ಲಿಷ್ ಮೀಡಿಯಂ ವ್ಯಾನು ನಮ್ಮ ಗೇಟಿನ ಮುಂದೆಯೇ ಹೋಗುತ್ತದೆ. ಒಳಗೆ ಇರೋರು ನಮ್ಮೂರಿನ ಮಕ್ಕಳೇ.

ಅವರ ಅಪ್ಪ ಅಮ್ಮನನ್ನು ಬೈಯಬಾರದು. ಇಂಗ್ಲಿಷ್ ನಮಗೂ ಬೇಕು. ಆದರೆ ವಿಜ್ಞಾನ, ಗಣಿತ ಅರ್ಥ ಆಗಬೇಕಾದರೆ ಮೇಷ್ಟ್ರ ಮಾತು ಮೊದಲು ಅರ್ಥ ಆಗಬೇಕಲ್ವಾ? ಇದನ್ನು ಆ ಸಿನಿಮಾ ನಗಿಸುತ್ತಲೇ ಹೇಳುತ್ತದೆ.

ಸಿನಿಮಾದಲ್ಲಾದರೆ ಕೋರ್ಟಿನಲ್ಲಿ ಮಾತಾಡಲು ಅನಂತನಾಗ್ ಬಂದರು. ನಮ್ಮೂರಿಗೆ ಹಾಗೆ ಯಾರೂ ಬರೋದಿಲ್ಲ. ಆದ್ದರಿಂದ ಗುರುಗಳಲ್ಲಿ ನನ್ನದೊಂದು ಕೋರಿಕೆ. ಈ ಸಲದ ವಾರ್ಷಿಕೋತ್ಸವದಲ್ಲಿ ಈ ಸಿನಿಮಾ ತೋರಿಸಿ. ನಾವು ಹಿಂದೆ ಕೂರ್ತೇವೆ, ಮುಂದಿನ ಸಾಲಿನಲ್ಲಿ ಊರಿನ ಅಪ್ಪ ಅಮ್ಮಂದಿರನ್ನು ಕೂರಿಸಿ. ಮುಂದಿನ ವರ್ಷ ನಾವು ಹೈಸ್ಕೂಲಿಗೆ ಹೋಗ್ತೇವೆ. ಆಗಲೂ ಈ ಗೋಡೆ ಪತ್ರಿಕೆಗೆ ಬರೆಯೋರು, ನಿಂತು ಓದೋರು ಇರಬೇಕು.

— ಏಳನೇ ತರಗತಿ ವಿದ್ಯಾರ್ಥಿ