ಡಾಕ್ಟರಮ್ಮನ ಪುಸ್ತಕಗಳು

ಸಾಹಿತ್ಯಲೋಕದಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಯಾವ ಸಮಾರಂಭದ ಆಹ್ವಾನ ಪತ್ರಿಕೆ ತೆರೆದರೂ ಹೆಸರಿಗೊಂದು ‘ಡಾ.’ ಇದ್ದೇ ಇರುತ್ತದೆ. ಹೀಗಾಗಿ ಅನುಪಮಾ ನಿರಂಜನರ ಹೆಸರಿನ ಮುಂದೆಯೂ ಅದನ್ನು ಕಂಡ ಎಳೆಯ ಓದುಗರು, ಇವರೂ ಯಾವುದೋ ಮಹಾಪ್ರಬಂಧ ಬರೆದವರಿರಬೇಕು ಅಂದುಕೊಂಡರೆ ಅವರನ್ನು ದೂರುವಂತಿಲ್ಲ. ಅನುಪಮಾ ಅವರದು ಸ್ಟೆತಾಸ್ಕೋಪು ಹಿಡಿದ ಡಾಕ್ಟರಿಕೆ. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ವೆಂಕಟಲಕ್ಷ್ಮಿ ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದಿದರು, ಅನುಪಮಾ ಎಂಬ ಹೆಸರಿನಲ್ಲಿ ಬರೆದರು, ಕಾದಂಬರಿಕಾರ ನಿರಂಜನರನ್ನು ಮದುವೆಯಾದರು. ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ರೋಗಿಗಳನ್ನು ನೋಡಿದರು. 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅರವತ್ತೂ ತುಂಬಿರಲಿಲ್ಲ.

ಅವರನ್ನು ನೆನೆಯುವ ಸಭೆಗಳಲ್ಲಿ ಮಾತೆಲ್ಲ ಕಾದಂಬರಿಗಳದ್ದೇ. ಪುಟ್ಟಣ್ಣ ಕಣಗಾಲರ ‘ಋಣಮುಕ್ತಳು’ ಚಿತ್ರಕ್ಕೆ ಅವರ ಕಾದಂಬರಿಯೇ ಆಧಾರವಾಗಿತ್ತೆಂದು ಯಾರಾದರೂ ಒಬ್ಬರು ಹೇಳುತ್ತಾರೆ, ‘ಮಾಧವಿ’ಯನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳಬೇಕಾದ ಕೃತಿಯೇ ಅದು. ಗಾಲವ ಗುರುದಕ್ಷಿಣೆಯ ಕುದುರೆಗಳಿಗಾಗಿ ಯಯಾತಿಯ ಮಗಳನ್ನು ರಾಜನಿಂದ ರಾಜನಿಗೆ ದಾಟಿಸುತ್ತಾನೆ. ಅವಳು ಒಬ್ಬೊಬ್ಬನಿಗೂ ಒಂದೊಂದು ಗಂಡು ಹೆತ್ತು, ಕೂಸನ್ನು ಅಲ್ಲಿಯೇ ಬಿಟ್ಟು ಮುಂದಕ್ಕೆ ಹೋಗಬೇಕು. ಪ್ರತಿ ಸಲವೂ ಅವಳು ಮತ್ತೆ ಕನ್ಯೆಯಾಗುವ ವರವನ್ನು ಕೊಟ್ಟು ಮಹಾಭಾರತ ಕೈತೊಳೆದುಕೊಂಡಿತು. ಹೆತ್ತ ಮೈಗೆ ಏನಾಯಿತು, ಹಾಲು ಕಟ್ಟಿದ ಎದೆಗೆ ಏನಾಯಿತು ಎಂದು ಕೇಳಬೇಕಾದರೆ ಹೆಂಗಸರ ನಾಡಿ ಹಿಡಿದು ಕೂತವರೇ ಬರಬೇಕಾಯಿತು.

ಆದರೆ ನಮ್ಮ ಸಭೆಗಳು ಇಲ್ಲಿಗೇ ನಿಲ್ಲುತ್ತವೆ. ‘ತಾಯಿ-ಮಗು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ ಇವೆಲ್ಲ ಭಾಷಣದ ಕೊನೆಗೆ ‘ಅಲ್ಲದೆ ಹಲವು ವೈದ್ಯಕೀಯ ಪುಸ್ತಕಗಳನ್ನೂ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಅವರ ಬರಹದ ಬೆನ್ನೆಲುಬು ಇರುವುದು ಈ ಪುಸ್ತಕಗಳಲ್ಲಿ ಎಂಬುದು ನಮ್ಮ ಅಭಿಪ್ರಾಯ. ಕಾದಂಬರಿ ಬರೆಯುವವರು ಕನ್ನಡದಲ್ಲಿ ಆಗಲೂ ಬಹಳ ಮಂದಿ ಇದ್ದರು. ಮುಟ್ಟು ಏಕೆ ತಪ್ಪುತ್ತದೆ, ಬಸುರಿಯ ಕಾಲು ಏಕೆ ಊದುತ್ತದೆ ಎಂದು ಹೆಂಗಸರಿಗೆ ಅವರ ಮಾತಿನಲ್ಲೇ, ಗದರದೆ, ನಾಚದೆ ಹೇಳುವವರು ಎಷ್ಟು ಜನ ಇದ್ದರು?

ಆ ಕಾಲದ ಮನೆಗಳನ್ನು ನೆನೆಸಿಕೊಂಡರೆ ಈ ಕೆಲಸದ ತೂಕ ತಿಳಿಯುತ್ತದೆ. ಬಾಣಂತಿಗೆ ಬಾಯಾರಿ ನಾಲಗೆ ಒಣಗಿದರೂ ನೀರು ಕೊಡುತ್ತಿರಲಿಲ್ಲ, ಶೀತವಾಗುತ್ತದಂತೆ. ಹೆತ್ತ ಮೊದಲ ದಿನಗಳ ಗಟ್ಟಿ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದರು; ಕೂಸಿಗೆ ರೋಗ ತಡೆಯುವ ಶಕ್ತಿ ಸಿಗುವುದೇ ಅದರಿಂದ. ಹೆಣ್ಣು ಹುಟ್ಟಿದರೆ ಸೊಸೆಯನ್ನು ಬೈಯುತ್ತಿದ್ದರು. ಮಗು ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗುವುದು ಗಂಡನಿಂದ ಬರುವ ಕ್ರೋಮೋಸೋಮಿನ ಮೇಲೆ ಎಂದು ಅತ್ತೆಗೆ ಹೇಳುವ ಧೈರ್ಯ ಯಾವ ಸೊಸೆಗಿತ್ತು? ಪುಸ್ತಕಕ್ಕೆ ಆ ಧೈರ್ಯ ಇತ್ತು. ಹೆಸರಿನ ಜೊತೆ ಡಾಕ್ಟರ್ ಎಂದು ಅಚ್ಚಾಗಿದ್ದರಿಂದ ಅತ್ತೆಯೂ ಸ್ವಲ್ಪ ಕಿವಿಗೊಡುತ್ತಿದ್ದಳು. ಇದೇ ಡಾಕ್ಟರಮ್ಮ ಗಂಡ ಹೆಂಡಿರ ಮಲಗುವ ಕೋಣೆಯ ವಿಷಯವನ್ನೂ ಬರೆದರು. ಕಾದಂಬರಿಗಳು ಪಡಸಾಲೆಯ ಕಪಾಟಿನಲ್ಲಿದ್ದರೆ ಆ ಪುಸ್ತಕ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಇರುತ್ತಿತ್ತು. ಹೆಚ್ಚು ಓದಿಸಿಕೊಂಡದ್ದು ಯಾವುದೆಂದು ಬೇರೆ ಹೇಳಬೇಕೆ?

ಡಾಕ್ಟರು ಗಂಡಸಾಗಿದ್ದರೆ ಸತ್ತ ಮೇಲೆ ನಾವು ಒಂದು ಮಾತು ತಪ್ಪದೆ ಹೇಳುತ್ತೇವೆ: ಎಷ್ಟು ಕೆಲಸ ಇದ್ದರೂ ಸಂಸಾರವನ್ನು ಮರೆತವರಲ್ಲ, ದೊಡ್ಡ ಮನುಷ್ಯ. ಡಾಕ್ಟರು ಹೆಂಗಸಾಗಿದ್ದರೆ ಸಂಸಾರ ಹೊಗಳಿಕೆಯ ಲೆಕ್ಕಕ್ಕೇ ಬರುವುದಿಲ್ಲ, ಅದು ಮಾಡಲೇಬೇಕಾದ್ದು. ಅನುಪಮಾ ಅವರ ಸಂಸಾರವನ್ನಾದರೂ ಒಮ್ಮೆ ಲೆಕ್ಕಕ್ಕೆ ಹಿಡಿಯೋಣ. ಗಂಡ ಪೂರ್ಣಾವಧಿ ಲೇಖಕ, ಅದರಲ್ಲೂ ಕಮ್ಯೂನಿಸ್ಟ್ ಚಳವಳಿಯಿಂದ ಬಂದವರು. ಅಂಥ ಮನೆಯಲ್ಲಿ ತಿಂಗಳ ಕೊನೆ ಹೇಗಿರುತ್ತದೆಂದು ಈ ಪತ್ರಿಕೆಗೆ ಬರೆಯುವವರಿಗೆ ಚೆನ್ನಾಗಿ ಗೊತ್ತು. ಜೊತೆಗೆ ಇಬ್ಬರು ಹೆಣ್ಣುಮಕ್ಕಳು. ನಿರಂಜನರಿಗೆ ನಡುವಯಸ್ಸಿನಲ್ಲಿಯೇ ಲಕ್ವ ಹೊಡೆಯಿತು. ಆದರೂ ಪ್ರಾಚೀನ ಈಜಿಪ್ಟಿನ ಕಥೆ ಹೇಳುವ ‘ಮೃತ್ಯುಂಜಯ’ ಬಂತು, ಜಗತ್ತಿನ ಕಥೆಗಳನ್ನು ಕನ್ನಡಕ್ಕೆ ತಂದ ‘ವಿಶ್ವಕಥಾಕೋಶ’ದ 25 ಸಂಪುಟಗಳು ಅವರ ಸಂಪಾದಕತ್ವದಲ್ಲಿ ಹೊರಬಂದವು. ಆ ಸಂಪುಟಗಳನ್ನು ಹೊಗಳುವಾಗ ಸಂಪಾದಕರ ಛಲವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಆ ಛಲವನ್ನು ಬದುಕಿಸಿಟ್ಟ ಡಾಕ್ಟರು ಅದೇ ಮನೆಯಲ್ಲಿದ್ದರು. ಅವರೂ ಬರೆಯುವವರೇ ಆಗಿದ್ದರು, ಅವರಿಗೂ ಒಂದು ಮೇಜು ಬೇಕಿತ್ತು, ಹೊತ್ತು ಬೇಕಿತ್ತು.

ಇಷ್ಟರ ನಡುವೆಯೇ ‘ದಿನಕ್ಕೊಂದು ಕಥೆ’ ಬಂತು. ತಿಂಗಳಿಗೊಂದರಂತೆ 12 ಪುಸ್ತಕ, ಮಗುವಿಗೆ ವರ್ಷವಿಡೀ ಸಾಲುವಷ್ಟು ಕಥೆ. ದಿನಾ ರಾತ್ರಿ ‘ಇನ್ನೊಂದು’ ಎಂದು ಪೀಡಿಸುವ ಮಕ್ಕಳನ್ನು ಬಲ್ಲವರಿಗೆ ಮಾತ್ರ ಇಂಥ ಯೋಜನೆ ಹೊಳೆಯುತ್ತದೆ. ಔಷಧಿಯ ಚೀಟಿಯಲ್ಲಿ ದಿನಕ್ಕೊಂದು ಮಾತ್ರೆ ಎಂದು ಬರೆಯುವ ಕೈಯೇ ಇದನ್ನೂ ಬರೆದಿದೆ ಎಂದು ನಮಗೆ ಆಗಾಗ ನಗು ಬರುವುದುಂಟು.

ಬದುಕಿನ ಕಥೆಯನ್ನು ಅವರೇ ‘ನೆನಪು: ಸಿಹಿ-ಕಹಿ’, ‘ಬರಹಗಾರ್ತಿಯ ಬದುಕು’ಗಳಲ್ಲಿ ಹೇಳಿಕೊಂಡಿದ್ದಾರೆ. ಕರ್ನಾಟಕ ಲೇಖಕಿಯರ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ಇದರಿಂದ ಹೆಸರು ಉಳಿದೀತು. ಓದಿನ ವಿಷಯ ಬೇರೆ. ಆ ಆರೋಗ್ಯ ಪುಸ್ತಕಗಳ ಕೆಲವು ಸಲಹೆಗಳು ಈಗ ಹಳತಾಗಿವೆ, ಆಗದೆ ಇರುತ್ತವೆಯೆ? ಸ್ಕ್ಯಾನಿಂಗ್ ಮನೆಮಾತಾದದ್ದು, ಅದರ ದುರುಪಯೋಗ ತಡೆಯಲು 1994ರ ಕಾಯ್ದೆ ಬಂದದ್ದು ಎಲ್ಲ ಅವರ ನಂತರ. ಆದರೆ ಮುಟ್ಟು, ಬಸಿರು, ಬಾಣಂತನಗಳ ಬಗ್ಗೆ ಇವತ್ತು ಮೊಬೈಲಿನಲ್ಲಿ ಹರಿದಾಡುವ ಕನ್ನಡವನ್ನು ಕೇಳಿ ನೋಡಿ. ಅರ್ಧ ಹೆದರಿಕೆ, ಇನ್ನರ್ಧ ವ್ಯಾಪಾರ. ಕನ್ನಡ ಬಲ್ಲ ವೈದ್ಯೆಯೊಬ್ಬರು ಕೂತು ‘ತಾಯಿ-ಮಗು’ವನ್ನು ಈ ಕಾಲಕ್ಕೆ ತಿದ್ದಿ, ಟಿಪ್ಪಣಿ ಬರೆದು, ಮೂಲದ ದನಿಯನ್ನು ಮಾತ್ರ ಮುಟ್ಟದೆ ಮತ್ತೆ ಹೊರತಂದರೆ ಅದು ಯಾವ ಸಂಸ್ಮರಣ ಗ್ರಂಥಕ್ಕಿಂತಲೂ ಮೇಲು. ಕನ್ನಡ ಪಠ್ಯಪುಸ್ತಕ ಮಾಡುವವರೂ ಅದರ ಒಂದೆರಡು ಪುಟಗಳನ್ನು ಗದ್ಯದ ಪಾಠವಾಗಿ ಇಟ್ಟು ನೋಡಲಿ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮಲ್ಲಿ ಯಾರಾದರೂ ಧಾರವಾಡದಲ್ಲೋ ಬೆಂಗಳೂರಿನಲ್ಲೋ ಅವರ ಬಳಿ ಔಷಧಿ ತೆಗೆದುಕೊಂಡವರಿದ್ದರೆ, ಅಥವಾ ನಿಮ್ಮ ತಾಯಿ, ದೊಡ್ಡಮ್ಮ, ಅತ್ತೆಯವರು ಅವರ ಪುಸ್ತಕ ಓದಿ ಮನೆಯ ಯಾವುದಾದರೂ ರೂಢಿಯನ್ನು ಬದಲಿಸಿದ್ದು ಗೊತ್ತಿದ್ದರೆ ಬರೆದು ಕಳಿಸಿ. ಚಿಕ್ಕದಾದರೂ ಸರಿ, ಅಕ್ಷರ ಹೇಗಿದ್ದರೂ ಸರಿ. ಪ್ರಕಟಿಸುತ್ತೇವೆ.