ಕಂತಿಗೆ ಆಷಾಢ ಇಲ್ಲ: ಹಳೇ ಡಿಎಸ್‌ಎಲ್‌ಆರ್ ಮಾರುವ ಮುನ್ನ ನಾಲ್ಕು ಮಾತು

ಲಗ್ನದ ಸೀಸನ್ ಬಂತೆಂದರೆ ನಮ್ಮ ಭಾಗದ ಫೋಟೊಗ್ರಾಫರ್ ಹುಡುಗರಿಗೆ ಈಗ ಹೊಸದೊಂದು ಪ್ರಶ್ನೆ ಎದುರಾಗುತ್ತದೆ. ಮೊದಲೆಲ್ಲ ಮದುವೆ ಮನೆಯವರು "ಎಷ್ಟ್ ತಗೋತೀರಿ?" ಎಂದಷ್ಟೇ ಕೇಳುತ್ತಿದ್ದರು. ಈಗ ಅದಕ್ಕೂ ಮೊದಲು "ನಿಮ್ಮ ಕಡೆ ಮಿರರ್‌ಲೆಸ್ ಐತೇನ್ರಿ?" ಎನ್ನುತ್ತಾರೆ. ಇಲ್ಲ ಎಂದರೆ ಮಾತು ಅಲ್ಲೇ ಸಣ್ಣದಾಗುತ್ತದೆ. ಹಾಗೆ ಕೇಳುವವರಿಗೆ ಅದು ಏನೆಂದು ಗೊತ್ತಿರಬೇಕೆಂದೇನೂ ಇಲ್ಲ. ಬೀಗರ ಊರಿನ ಲಗ್ನದಲ್ಲಿ ಇತ್ತು, ನಮ್ಮಲ್ಲೂ ಇರಲಿ, ಅಷ್ಟೇ.

ಈ ಪ್ರಶ್ನೆಗೆ ಅಂಜಿ, ಚಲೋ ನಡೆಯುತ್ತಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಸಿಕ್ಕ ರೇಟಿಗೆ ಕೊಟ್ಟು, ಫೈನಾನ್ಸ್ ಮಾಡಿಸಿ ಹೊಸದು ತರುವ ವಿಚಾರದಲ್ಲಿ ಸತ್ತಿಯಿಂದ ಚಿಕ್ಕೋಡಿಯವರೆಗೆ ಎಷ್ಟೋ ಹುಡುಗರಿದ್ದಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಿರರ್‌ಲೆಸ್ ಒಳ್ಳೆಯ ಕ್ಯಾಮೆರಾ. ಮುಂದಿನ ದಿನಗಳೂ ಅದರವೇ. ಆದರೆ ಕೈಯಲ್ಲಿರುವ ಡಿಎಸ್‌ಎಲ್‌ಆರ್ ಸರಿಯಾಗಿ ನಡೆಯುತ್ತಿದ್ದರೆ ಬರೀ ಮರ್ಯಾದೆಗಾಗಿ ಸಾಲ ಮಾಡಿ ಬದಲಿಸಬೇಡಿ. ನಿಮ್ಮ ಕೆಲಸ ಅದನ್ನು ಕೇಳಿದಾಗ ಬದಲಿಸಿ, ಜನ ಕೇಳಿದ್ದಕ್ಕೆ ಅಲ್ಲ.

ಕನ್ನಡಿ ಹೋದದ್ದೆಲ್ಲಿ?

ಡಿಎಸ್‌ಎಲ್‌ಆರ್ ಒಳಗೆ, ಲೆನ್ಸಿನ ಹಿಂದೆ, ಓರೆಯಾಗಿ ನಿಂತ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕು ಅದಕ್ಕೆ ಬಡಿದು ಮೇಲಕ್ಕೆ ಹೋಗಿ ನಮ್ಮ ಕಣ್ಣಿಗೆ ಬರುತ್ತದೆ. ಬಟನ್ ಒತ್ತಿದಾಗ ಕನ್ನಡಿ ಮೇಲೆದ್ದು ಬೆಳಕನ್ನು ಸೆನ್ಸರಿಗೆ ಬಿಡುತ್ತದೆ. ನಮಗೆ ಕೇಳುವ ಆ 'ಠಪ್' ಸದ್ದಿನಲ್ಲಿ ಹೆಚ್ಚಿನದು ಕನ್ನಡಿಯದೇ.

ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯನ್ನು ತೆಗೆದಿದ್ದಾರೆ. ಬೆಳಕು ನೇರ ಸೆನ್ಸರಿಗೆ ಬೀಳುತ್ತದೆ, ಸೆನ್ಸರ್ ಕಂಡದ್ದನ್ನು ನಾವು ಸಣ್ಣ ಪರದೆಯಲ್ಲಿ ನೋಡುತ್ತೇವೆ. ಒಂದು ಕಿಟಕಿಯಿಂದ ನೋಡಿದ ಹಾಗೆ, ಇನ್ನೊಂದು ಟಿವಿ ನೋಡಿದ ಹಾಗೆ. ಎರಡರ ನಡುವಿನ ಮುಖ್ಯ ಫರಕುಗಳು ಹುಟ್ಟುವುದು ಇಲ್ಲಿಂದಲೇ.

ಇದು ಮೊನ್ನೆ ಬಂದದ್ದೂ ಅಲ್ಲ. ಪ್ಯಾನಸಾನಿಕ್‌ನ ಜಿ1 ಬಂದದ್ದು 2008ರಲ್ಲಿ. ಸೋನಿ ತನ್ನ ಎ7 ತಂದದ್ದು 2013ರಲ್ಲಿ. ಕ್ಯಾನನ್ ಇಒಎಸ್ ಆರ್, ನಿಕಾನ್ ಝಡ್6 ಮತ್ತು ಝಡ್7 ಬಂದದ್ದು 2018ರಲ್ಲಿ. 2020ರಲ್ಲಿ ಮೊದಲ ಬಾರಿಗೆ ಜಪಾನಿನ ಕಂಪನಿಗಳು ಡಿಎಸ್‌ಎಲ್‌ಆರ್‌ಗಿಂತ ಹೆಚ್ಚು ಮಿರರ್‌ಲೆಸ್ ಕಳಿಸಿದವು. ಆ ವರ್ಷದ ನಂತರ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸ ವೃತ್ತಿಪರ ಡಿಎಸ್‌ಎಲ್‌ಆರ್ ತಂದಿಲ್ಲ. ಗಾಳಿ ಯಾವ ಕಡೆಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕಂಪನಿ ಹೊಸದು ಮಾಡುವುದನ್ನು ಬಿಟ್ಟಿತೆಂದರೆ ನಿಮ್ಮ ಹತ್ತಿರ ಇರುವುದು ಕೆಟ್ಟುಹೋಯಿತು ಎಂದರ್ಥವಲ್ಲ.

ಆಲ್ಬಮ್ಮಿನಲ್ಲಿ ಎಷ್ಟು ಫರಕ್?

ನಮ್ಮಲ್ಲಿ ಲಗ್ನದ ಕೆಲಸ ಕೊನೆಗೆ ಬಂದು ನಿಲ್ಲುವುದು ಆಲ್ಬಮ್ಮಿಗೆ. 12 ಬೈ 36ರ ಆಲ್ಬಂ ತೆರೆದರೆ ಒಂದೊಂದು ಪುಟ 12 ಇಂಚು ಎತ್ತರ, 18 ಇಂಚು ಅಗಲ. ಇಂಚಿಗೆ 300 ಚುಕ್ಕಿಯ ಲೆಕ್ಕ ಹಿಡಿದರೆ ಪುಟ ತುಂಬುವ ಒಂದು ಫೋಟೊಕ್ಕೆ 5400 ಗುಣಿಸು 3600 ಚುಕ್ಕಿ, ಅಂದರೆ 19.4 ಮೆಗಾಪಿಕ್ಸೆಲ್ ಸಾಕು.

ನಮ್ಮ ಭಾಗದ ಹುಡುಗರ ಹೆಗಲ ಮೇಲೆ ಕಾಣುವ ಕ್ಯಾನನ್ 1500ಡಿ 2018ರದು, ಅದು 24.1 ಮೆಗಾಪಿಕ್ಸೆಲ್. 2014ರ ನಿಕಾನ್ ಡಿ750 ಕೂಡ 24. ಇನ್ನು 2020ರಲ್ಲಿ ಬಂದ, ಬಹಳ ದುಬಾರಿಯಾದ ಕ್ಯಾನನ್ ಆರ್6 ಮಿರರ್‌ಲೆಸ್‌ನಲ್ಲಿ ಇರುವುದು 20 ಮೆಗಾಪಿಕ್ಸೆಲ್ ಮಾತ್ರ. ಅಂದರೆ ಚುಕ್ಕಿಯ ಲೆಕ್ಕದಲ್ಲಿ ಹಳೆಯದು ಸೋತಿಲ್ಲ.

"ಆದ್ರ ಅಣ್ಣಾ, ಆರ್6 ಫೋಟೊ ನೋಡಿದ್ರ ಬ್ಯಾರೇನ ಕಾಣಸ್ತೈತಲ್ಲ?" ಅನ್ನಬಹುದು. ಹೌದು, ಕಾಣುತ್ತದೆ. ಅದು ಕನ್ನಡಿ ಇಲ್ಲದ್ದಕ್ಕಲ್ಲ. ಆರ್6ರ ಸೆನ್ಸರ್ 1500ಡಿಗಿಂತ ದೊಡ್ಡದು, ಅದಕ್ಕೆ ಹಾಕುವ ಲೆನ್ಸೂ ದುಬಾರಿ. ಸಣ್ಣ ಸೆನ್ಸರಿನ ಹಳೇ ಕ್ಯಾಮೆರಾಕ್ಕೆ ಪೆಟ್ಟಿಗೆಯ ಜೊತೆ ಬಂದ ಕಿಟ್ ಲೆನ್ಸ್ ಹಾಕಿ, ದೊಡ್ಡ ಸೆನ್ಸರಿನ ಹೊಸ ಕ್ಯಾಮೆರಾಕ್ಕೆ ಚಲೋ ಲೆನ್ಸ್ ಹಾಕಿ ಹೋಲಿಸುವುದು, ಒಂದೇ ಎತ್ತು ಕಟ್ಟಿದ ಬಂಡಿಯನ್ನು ಜೋಡೆತ್ತಿನ ಬಂಡಿಯ ಜೊತೆ ಓಡಿಸಿದ ಹಾಗೆ.

ಸರಿಯಾದ ಹೋಲಿಕೆ ಬೇಕೆಂದರೆ ಡಿ750 ಮತ್ತು ಝಡ್6 ಪಕ್ಕಪಕ್ಕ ಇಡಿ. ಒಂದೇ ಕಂಪನಿ, ಒಂದೇ ಅಳತೆಯ ಸೆನ್ಸರ್, ಎರಡೂ 24 ಮೆಗಾಪಿಕ್ಸೆಲ್. ಒಂದೇ ಬೆಳಕಿನಲ್ಲಿ, ಅಂಥದೇ ಲೆನ್ಸಿನಲ್ಲಿ ತೆಗೆದ ಎರಡು ಫೋಟೊಗಳನ್ನು ಆಲ್ಬಮ್ಮಿನಲ್ಲಿ ಅಂಟಿಸಿದರೆ ಮದುವೆ ಮನೆಯವರು ಇರಲಿ, ತೆಗೆದವರಿಗೂ ಯಾವುದು ಯಾವುದೆಂದು ಹೇಳುವುದು ಕಷ್ಟ.

ಹೊಸದು ಗೆಲ್ಲುವ ಜಾಗ

ಹಾಗೆಂದು ಮಿರರ್‌ಲೆಸ್ ಬರೀ ಷೋಕಿ ಎಂದರೆ ಅದು ಸುಳ್ಳಾಗುತ್ತದೆ. ಮೂರು ಕಡೆ ಅದು ನಿಜವಾಗಿಯೂ ಮುಂದಿದೆ.

ಮೊದಲನೆಯದು ಫೋಕಸ್. ಡಿ750ರಲ್ಲಿ 51 ಫೋಕಸ್ ಬಿಂದುಗಳಿವೆ, ಆದರೆ ಎಲ್ಲ ನಡುವೆಯೇ ಗುಂಪಾಗಿ ಕೂತಿವೆ. 2018ರ ಸೋನಿ ಎ7 ಮಾರ್ಕ್ 3ರಲ್ಲಿ 693 ಬಿಂದುಗಳು, ಫೋಟೊದ ನೂರಕ್ಕೆ 93 ಭಾಗದಲ್ಲಿ ಹರಡಿವೆ. ಮುಖ, ಕಣ್ಣು ಎಲ್ಲಿದೆ ಎಂದು ತಾನೇ ಹುಡುಕಿ ಹಿಡಿಯುತ್ತದೆ. ಅಕ್ಕಿಕಾಳು ಬೀಳುವ ಗದ್ದಲದಲ್ಲಿ, ಫೋಕಸ್ ಬಾಸಿಂಗದ ಮೇಲೆ ಕೂರದೆ ಮದುಮಗಳ ಕಣ್ಣಿನ ಮೇಲೆ ಕೂರುವುದು ಸಣ್ಣ ಮಾತಲ್ಲ.

ಎರಡನೆಯದು ವಿಡಿಯೊ. ಡಿಎಸ್‌ಎಲ್‌ಆರ್‌ನಲ್ಲಿ ವಿಡಿಯೊ ತೆಗೆಯುವಾಗ ಕನ್ನಡಿ ಮೇಲೆದ್ದು ನಿಂತಿರಬೇಕು. ಕಣ್ಣಿಟ್ಟು ನೋಡುವ ಕಿಂಡಿ ಕಪ್ಪಾಗುತ್ತದೆ, ಹಿಂದಿನ ಪರದೆಯನ್ನೇ ನೋಡಬೇಕು. ಹಲವು ಹಳೇ ಮಾಡೆಲ್‌ಗಳಲ್ಲಿ ಆಗ ಫೋಕಸ್ ತಡಕಾಡುತ್ತದೆ. 1500ಡಿಯಲ್ಲಿ 4ಕೆ ಇಲ್ಲವೇ ಇಲ್ಲ. ನಿಮ್ಮ ಗಳಿಕೆಯ ಅರ್ಧಕ್ಕಿಂತ ಹೆಚ್ಚು ವಿಡಿಯೊದಿಂದ, ರೀಲ್ಸ್‌ನಿಂದ ಬರುತ್ತಿದ್ದರೆ ಈ ಲೇಖನ ನಿಮ್ಮನ್ನು ತಡೆಯುವುದಕ್ಕಲ್ಲ. ಹೋಗಿ ಮಿರರ್‌ಲೆಸ್ ತಗೊಳ್ಳಿ.

ಮೂರನೆಯದು ಮೌನ. ಮಠದ ಪ್ರವಚನದಲ್ಲಿ, ನಾಟಕದಲ್ಲಿ, ಮಣ್ಣು ಕೊಡುವ ಹೊತ್ತಿನಲ್ಲಿ ಠಪ್ ಠಪ್ ಸದ್ದು ಶೋಭಿಸುವುದಿಲ್ಲ. ಮಿರರ್‌ಲೆಸ್‌ನಲ್ಲಿ ಸದ್ದೇ ಇಲ್ಲದೆ ಫೋಟೊ ತೆಗೆಯಬಹುದು. ಒಂದು ಎಚ್ಚರ: ಈಗಿನ ಮಂಟಪಗಳ ಎಲ್‌ಇಡಿ ದೀಪದ ಕೆಳಗೆ ಸೈಲೆಂಟ್ ಶಟರ್ ಹಾಕಿದರೆ ಫೋಟೊದ ಮೇಲೆ ಅಡ್ಡ ಪಟ್ಟಿ ಬೀಳುವುದುಂಟು. ಮೊದಲೇ ಒಂದೆರಡು ತೆಗೆದು ನೋಡಿಕೊಳ್ಳಬೇಕು.

ಹಳೆಯದು ಗೆಲ್ಲುವ ಜಾಗ

ಈಗ ನಮ್ಮ ಊರಿನ ಪರಿಸ್ಥಿತಿಗೆ ಬನ್ನಿ. ಮೊದಲು ಕರೆಂಟಿನ ಮಾತು. ಕಂಪನಿಗಳ ಒಂದೇ ಅಳತೆಗೋಲಿನ ಪ್ರಕಾರ ಡಿ750 ಒಂದು ಚಾರ್ಜಿಗೆ 1230 ಫೋಟೊ ಕೊಡುತ್ತದೆ. ಝಡ್6 ಕೊಡುವುದು 310. ನಿಜ ಕೆಲಸದಲ್ಲಿ ಎರಡೂ ಇದಕ್ಕಿಂತ ಹೆಚ್ಚು ಕೊಡಬಹುದು, ಆದರೆ ಅಂತರ ಅಂತರವೇ. ಕಿಟಕಿಗೆ ಕರೆಂಟ್ ಬೇಕಿಲ್ಲ, ಟಿವಿಗೆ ಬೇಕು. ತೋಟದ ಮನೆಯಲ್ಲಿ ಲಗ್ನ, ಬೆಳಗಿನ ಸುರಗಿಯಿಂದ ರಾತ್ರಿ ಮೆರವಣಿಗೆವರೆಗೆ ಕೆಲಸ, ನಡುವೆ ಕರೆಂಟ್ ಹೋಯಿತೆಂದರೆ ಮಿರರ್‌ಲೆಸ್‌ಗೆ ಮೂರು ನಾಲ್ಕು ಬ್ಯಾಟರಿ ಜೇಬಿನಲ್ಲಿರಲೇಬೇಕು. ಅವುಗಳ ರೊಕ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದು ಧೂಳು. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆ, ರವದಿ ಸುಟ್ಟ ಬೂದಿ ನಮಗೆ ಹೊಸದಲ್ಲ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದವರಿಗೆ ಗೊತ್ತು, ಅಲ್ಲಿ ಗಾಳಿಯೇ ಭಂಡಾರದಿಂದ ಹಳದಿಯಾಗಿರುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರಿನ ಮುಂದೆ ಕನ್ನಡಿಯೂ ಶಟರೂ ಅಡ್ಡ ಇರುತ್ತವೆ. ಬಹಳಷ್ಟು ಮಿರರ್‌ಲೆಸ್‌ಗಳಲ್ಲಿ ಸೆನ್ಸರ್ ಹಾಗೇ ಬಾಯ್ತೆರೆದು ಕೂತಿರುತ್ತದೆ. ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುವ ಮಾಡೆಲ್‌ಗಳು ಕೆಲವೇ. ಯಾವ ಕ್ಯಾಮೆರಾ ಇದ್ದರೂ ಜಾತ್ರೆಯಲ್ಲಿ ಲೆನ್ಸ್ ಬದಲಿಸುವ ಗೋಜಿಗೆ ಹೋಗಬೇಡಿ.

ಮೂರನೆಯದು ರೇಟ್. ಪೇಟೆಯವರು ಮಿರರ್‌ಲೆಸ್‌ಗೆ ಹೋದ ಹಾಗೆಲ್ಲ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅದರ ಲೆನ್ಸುಗಳ ರೇಟ್ ಇಳಿಯುತ್ತಿದೆ. ಮಾರುವವರಿಗೆ ಇದು ನಷ್ಟ, ಕೊಳ್ಳುವವರಿಗೆ ಲಾಭ. ಹಾಗಿದ್ದಾಗ ನಾವು ಯಾಕೆ ಮಾರುವವರ ಸಾಲಿನಲ್ಲಿ ನಿಲ್ಲಬೇಕು?

ರೊಕ್ಕದ ಲೆಕ್ಕ

ಬಾಡಿ, ಒಂದು ಲೆನ್ಸ್, ಬ್ಯಾಟರಿ ಸೇರಿ ಎರಡು ಲಕ್ಷ ಸಾಲ ಎಂದುಕೊಳ್ಳೋಣ. ವರ್ಷಕ್ಕೆ ನೂರಕ್ಕೆ 14ರ ಬಡ್ಡಿ, 24 ಕಂತು. ತಿಂಗಳ ಕಂತು ಸುಮಾರು 9,600 ರೂಪಾಯಿ ಆಗುತ್ತದೆ. ಒಟ್ಟು ಕಟ್ಟುವುದು 2 ಲಕ್ಷ 30 ಸಾವಿರ.

ಮಿರರ್‌ಲೆಸ್ ಎಂಬ ಕಾರಣಕ್ಕೆ ಒಂದೊಂದು ಲಗ್ನಕ್ಕೆ 3,000 ಹೆಚ್ಚು ಸಿಕ್ಕಿತು ಎನ್ನಿ. ಈ ಸಾಲ ಅದರಿಂದಲೇ ತೀರಬೇಕಾದರೆ 77 ಲಗ್ನ ಬೇಕು. ವರ್ಷಕ್ಕೆ 25 ಲಗ್ನ ಹಿಡಿಯುವವರಿಗೆ ಅದು ಮೂರು ವರ್ಷದ ಕೆಲಸ. ಕಂತು ಮುಗಿಯಬೇಕಾದ್ದು ಎರಡೇ ವರ್ಷದಲ್ಲಿ. ಉಳಿದದ್ದು ಎಲ್ಲಿಂದ? ಮನೆಯ ಕಬ್ಬಿನ ಬಿಲ್ಲಿನಿಂದ, ಇಲ್ಲವೇ ಅವ್ವನ ಸಂಘದ ಸಾಲದಿಂದ.

ಲಗ್ನಕ್ಕೆ ಆಷಾಢ ಇದೆ, ಕಂತಿಗೆ ಆಷಾಢ ಇಲ್ಲ. ನಮ್ಮ ದಂಡೆಯ ಊರುಗಳಿಗೆ ಇನ್ನೊಂದು ಭಯವೂ ಇದೆ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೃಷ್ಣೆ ತುಂಬಿ ಬಂದದ್ದನ್ನು ಯಾರೂ ಮರೆತಿಲ್ಲ. ಅಂಥ ವರ್ಷ ಬಂದರೆ ಆರ್ಡರ್ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ನಿಮ್ಮ ಅಂಕಿ ಬೇರೆ ಇರಬಹುದು. ನಿಮ್ಮದೇ ಅಂಕಿ ಹಾಕಿ, ಆದರೆ ಲೆಕ್ಕ ಮಾಡದೆ ಸಹಿ ಹಾಕಬೇಡಿ.

ಹಾಗಾದರೆ ಏನು ಮಾಡಬೇಕು?

ಕೈಯಲ್ಲಿ ಡಿಎಸ್‌ಎಲ್‌ಆರ್ ಇದ್ದವರು ಮೊದಲು ಲೆನ್ಸಿಗೆ ರೊಕ್ಕ ಹಾಕಿ. ಕಿಟ್ ಲೆನ್ಸನ್ನು 55ಕ್ಕೆ ಎಳೆದರೆ ಅದರ ಬಾಯಿ ಎಫ್ 5.6. ಅಗ್ಗದ 50 ಎಂಎಂ ಲೆನ್ಸಿನ ಬಾಯಿ ಎಫ್ 1.8. ಎರಡನೆಯದರಿಂದ ಒಳಗೆ ಬರುವ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. ಕತ್ತಲ ಪಡಸಾಲೆಯಲ್ಲಿ ಅರಿಶಿಣದ ಫೋಟೊ ತೆಗೆಯುವವರಿಗೆ ಇದು ಹೊಸ ಬಾಡಿಗಿಂತ ದೊಡ್ಡ ಉಪಕಾರ. ಒಂದು ಚಲೋ ಫ್ಲ್ಯಾಶ್ ಇದ್ದರಂತೂ ಅರ್ಧ ಗೆದ್ದ ಹಾಗೆ.

ವಿಡಿಯೊ ಆರ್ಡರ್ ಅಪರೂಪಕ್ಕೆ ಬಂದರೆ ಆ ದಿನಕ್ಕೆ ಮಿರರ್‌ಲೆಸ್ ಬಾಡಿಗೆಗೆ ತನ್ನಿ, ಬಾಡಿಗೆಯನ್ನು ರೇಟಿನಲ್ಲಿ ಸೇರಿಸಿ. ತಿಂಗಳಿಗೆ ಮೂರು ನಾಲ್ಕು ಸಲ ಬಾಡಿಗೆ ಕೊಡುವ ಸ್ಥಿತಿ ಬಂತೆಂದರೆ, ಅದೇ ನಿಮ್ಮ ಕೆಲಸ ಕ್ಯಾಮೆರಾ ಕೇಳುವ ಹೊತ್ತು.

ಆ ಹೊತ್ತು ಬಂದಾಗಲೂ ಬಾಡಿಯ ಜೊತೆ ಲೆನ್ಸ್ ಮಾರಬೇಡಿ. ಕ್ಯಾನನ್‌ನ ಹಳೇ ಇಎಫ್ ಲೆನ್ಸುಗಳು ಕಂಪನಿಯದೇ ಅಡಾಪ್ಟರ್ ಹಾಕಿದರೆ ಆರ್ ಸಾಲಿನ ಮಿರರ್‌ಲೆಸ್‌ನಲ್ಲಿ ಆಟೊಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಎಎಫ್-ಎಸ್ ಲೆನ್ಸುಗಳಿಗೆ ಆಟೊಫೋಕಸ್ ಸಿಗುತ್ತದೆ, ಅದಕ್ಕೂ ಹಳೆಯ ಎಎಫ್-ಡಿ ಲೆನ್ಸುಗಳಿಗೆ ಸಿಗುವುದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರ ಮಾತು ಬೇರೆ. ಸಾಲವಿಲ್ಲದೆ ರೊಕ್ಕ ಇದ್ದರೆ ಮಿರರ್‌ಲೆಸ್‌ನಿಂದಲೇ ಶುರು ಮಾಡಿ, ಮುಂದೆ ಬರುವ ಲೆನ್ಸುಗಳೆಲ್ಲ ಅದಕ್ಕೇ. ರೊಕ್ಕ ಕಡಿಮೆ ಇದ್ದರೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಗೊಂಡು ಕಲಿಯಿರಿ. ಕೊಳ್ಳುವಾಗ ಶಟರ್ ಎಷ್ಟು ಸಲ ಬಡಿದಿದೆ ಎಂದು ನೋಡಿ. ಡಿ750ರಂಥ ಕ್ಯಾಮೆರಾದ ಶಟರನ್ನು ಒಂದೂವರೆ ಲಕ್ಷ ಸಲಕ್ಕೆ ಪರೀಕ್ಷೆ ಮಾಡಿರುತ್ತಾರೆ. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೊ ತೆಗೆದರೆ ಸೆನ್ಸರಿನ ಧೂಳು ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟು ಇದೆಯೇ ನೋಡಿ. ಬಿಲ್ ಇಲ್ಲದ್ದನ್ನು ಮುಟ್ಟಬೇಡಿ.

ಮದುವೆ ಮನೆಯವರಿಗೊಂದು ಮಾತು

ಇದನ್ನು ಓದುತ್ತಿರುವ ಕಾಕಾ, ಮಾಮಾ, ಅಕ್ಕಂದಿರಿಗೂ ಒಂದು ವಿನಂತಿ. ಊರಿನ ಫೋಟೊಗ್ರಾಫರ್ ಬರೀ ಲಗ್ನಕ್ಕಷ್ಟೇ ಬೇಕಾದವನಲ್ಲ. ಹೊಳೆ ಊರೊಳಗೆ ಬಂದಾಗ ಯಾರ ಮನೆ ಎಲ್ಲಿಯವರೆಗೆ ಮುಳುಗಿತ್ತು ಎಂಬುದಕ್ಕೆ, ತೀರಿಹೋದ ಅಜ್ಜನ ಗೋಡೆ ಮೇಲಿನ ಫೋಟೊಕ್ಕೆ, ಸಾಲಿಯ ಮಕ್ಕಳ ಗ್ಯಾದರಿಂಗ್‌ಗೆ ಬೇಕಾಗುವವನೂ ಅವನೇ. ಕಂತು ಕಟ್ಟಲಾಗದೆ ಅವನು ಕ್ಯಾಮೆರಾ ಮಾರಿ ಪುಣೆ, ಇಚಲಕರಂಜಿ ಹಾದಿ ಹಿಡಿದರೆ ನಷ್ಟ ಅವನೊಬ್ಬನಿಗಲ್ಲ.

ಆದ್ದರಿಂದ ಮುಂದಿನ ಸಲ "ಮಿರರ್‌ಲೆಸ್ ಐತೇನು?" ಎನ್ನುವ ಬದಲು "ಹ್ವಾದ ವರ್ಷ ಮಾಡಿದ ಆಲ್ಬಂ ತೋರಸ್ಪಾ ತಮ್ಮಾ" ಅನ್ನಿ. ಕೆಲಸ ಚಲೋ ಇದ್ದರೆ ಆರ್ಡರ್ ಕೊಡಿ. ಅಡ್ವಾನ್ಸ್ ಹೊತ್ತಿಗೆ ಸರಿಯಾಗಿ ಕೊಟ್ಟರೆ ಅವನು ಸಾಲ ಇಲ್ಲದೆಯೇ ಒಂದು ದಿನ ಹೊಸ ಕ್ಯಾಮೆರಾ ತರುತ್ತಾನೆ.