ಒಂಟಿ ಪಾಲಕರೂ ಆದಾಯಕರವೂ

ಸಂಸಾರದ ನೊಗವನ್ನು ಒಬ್ಬರೇ ಹೊತ್ತವರ ಮೇಲೆ ಕರಭಾರವು ಹೇಗೆ ಬೀಳುತ್ತಿದೆಯೆಂದು ವಿಚಾರಿಸುವವರು ವಿರಳ. ವಿಧವೆಯರು, ವಿಧುರರು, ವಿವಾಹವಿಚ್ಛೇದನದ ತರುವಾಯ ಮಕ್ಕಳನ್ನು ಸಲಹುತ್ತಿರುವವರು ಇವರಿಗೆಂದೇ ನಮ್ಮ ಆದಾಯಕರ ಶಾಸನವು ಪ್ರತ್ಯೇಕವಾದ ರಿಯಾಯಿತಿಯೊಂದನ್ನೂ ಇಟ್ಟಿಲ್ಲ. ಅಮೆರಿಕದವರಾದರೋ 1951ರ ಶಾಸನದಲ್ಲಿಯೇ ‘ಮನೆಯ ಯಜಮಾನ’ ಎಂಬ ವರ್ಗವನ್ನು ಕಲ್ಪಿಸಿ, ಇಂಥವರ ಕರವನ್ನು ತಗ್ಗಿಸಿದರು.

ಲೆಕ್ಕವನ್ನೇ ನೋಡೋಣ. 2025-26ನೆಯ ಆರ್ಥಿಕ ವರ್ಷದ ಹೊಸ ಪದ್ಧತಿಯಂತೆ, ತಂದೆತಾಯಿಗಳಿಬ್ಬರಿಗೂ ಕಳೆಯತಕ್ಕದ್ದನ್ನು ಕಳೆದು ತಲಾ 7 ಲಕ್ಷ ರೂಪಾಯಿ ಸಂಬಳದ ಆದಾಯವು ಉಳಿದರೆ, ಅವರು ಕಾಸನ್ನೂ ತೆರಬೇಕಾಗಿಲ್ಲ. ಅದೇ 14 ಲಕ್ಷವನ್ನು ತಾಯಿಯೊಬ್ಬಳೇ ದುಡಿದರೆ, ಅವಳು 93,600 ರೂಪಾಯಿ ತೆರಬೇಕು. ಒಬ್ಬರೇ ದುಡಿಯುವ ದಂಪತಿಗಳಿಗೂ ಇದೇ ಕರವಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ಆದರೆ ಅಲ್ಲಿ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಇನ್ನೊಂದು ಜೀವವಿರುತ್ತದೆ. ಒಂಟಿ ತಾಯಿಯು ಆ ನೆರವನ್ನು ಹಣ ತೆತ್ತೇ ಪಡೆಯಬೇಕು.

ಇನ್ನು ಗಂಡನ ವಿಮೆಯ ಹಣವನ್ನು ವಿಧವೆಯು ಮಗುವಿನ ಹೆಸರಿನಲ್ಲಿ ಠೇವಣಿಯಿಟ್ಟಳೆನ್ನೋಣ. ಅದರ ಬಡ್ಡಿಯು ತಾಯಿಯ ಆದಾಯಕ್ಕೇ ಸೇರತಕ್ಕದ್ದು. ಇದಕ್ಕೆ ಮಗುವೊಂದಕ್ಕೆ ವರ್ಷಕ್ಕೆ 1500 ರೂಪಾಯಿಯ ವಿನಾಯಿತಿಯನ್ನು 1992ರ ಹಣಕಾಸು ಶಾಸನವು ಗೊತ್ತುಮಾಡಿತು. ಮೂವತ್ತು ವರ್ಷಗಳು ಕಳೆದರೂ ಆ ಮೊತ್ತವು ಕದಲಲಿಲ್ಲ. ಹೊಸ ಪದ್ಧತಿಯನ್ನು ಹಿಡಿದವರಿಗೆ ಅದೂ ದೊರೆಯದಾಯಿತು.

ಶಾಸನದ ಕೊರತೆ ಹೀಗಿರಲು, ತಿಳಿವಳಿಕೆಯ ಕೊರತೆಯಿಂದಲೂ ನಷ್ಟವಾಗದಂತೆ ವಾಚಕರು ಎಚ್ಚರವಹಿಸಬೇಕು. ಮಗುವಿನ ಠೇವಣಿಯ ಬಡ್ಡಿಯನ್ನು ಲೆಕ್ಕಪತ್ರದಲ್ಲಿ ಬಿಡುವುದು ಮೊದಲನೆಯ ತಪ್ಪು. ಕುಟುಂಬ ಪಿಂಚಣಿಯನ್ನು ಸಂಬಳವೆಂದು ಬರೆದು, ಸಂಬಳದಾರರಿಗಿರುವ ಕಡಿತವನ್ನು ಕೇಳುವುದು ಎರಡನೆಯದು. ಅದು ಇತರ ಮೂಲಗಳ ಆದಾಯ. ಅದರ ಮೂರನೆಯ ಒಂದು ಭಾಗ, ಇಲ್ಲವೆ ಹಳೆಯ ಪದ್ಧತಿಯಲ್ಲಿ 15,000, ಹೊಸದರಲ್ಲಿ 2024-25ರಿಂದ 25,000 ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಕಳೆಯಬಹುದು. ಶಾಲೆಗೆ ಕೊಟ್ಟ ವಂತಿಗೆಯನ್ನೂ ಬೋಧನಾಶುಲ್ಕದೊಡನೆ ಸೇರಿಸುವುದು ಮೂರನೆಯದು. ಹಳೆಯ ಪದ್ಧತಿಯಲ್ಲಿ ಇಬ್ಬರು ಮಕ್ಕಳ ಬೋಧನಾಶುಲ್ಕಕ್ಕೆ ಮಾತ್ರ, ಅದೂ ಇತರ ಉಳಿತಾಯಗಳೊಡನೆ ಕೂಡಿ ಒಂದೂವರೆ ಲಕ್ಷದ ಮಿತಿಯೊಳಗೆ, ಅವಕಾಶವುಂಟು. ಎಲ್ಲಕ್ಕಿಂತ ದುಬಾರಿಯಾದುದು ವಿಳಂಬ: 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುವುದರಿಂದ, ಸಂಬಳದಾರರು ಗಡುವಿನೊಳಗೆ ಲೆಕ್ಕಪತ್ರ ಸಲ್ಲಿಸದಿದ್ದರೆ ಹಳೆಯದನ್ನು ಆರಿಸಿಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ.

ಕರ ತೆರುವುದು ಪ್ರಜೆಯ ಧರ್ಮ. ತೆರುವವರ ಶಕ್ತಿಯನ್ನರಿತು ಎತ್ತುವುದು ಪ್ರಭುತ್ವದ ಧರ್ಮ. ಒಂಟಿ ಪಾಲಕರಿಗೆ ಪ್ರತ್ಯೇಕ ವಿನಾಯಿತಿಯೊಂದನ್ನು ಕಲ್ಪಿಸಿ, 1500ರ ಆ ಹಳೆಯ ಮೊತ್ತವನ್ನು ಕಾಲಕ್ಕೆ ತಕ್ಕಂತೆ ಏರಿಸಿ, ಎರಡು ಪದ್ಧತಿಯವರಿಗೂ ಅನ್ವಯಿಸಬೇಕೆಂದು ನಾವು ಕೇಂದ್ರ ಸರ್ಕಾರದವರನ್ನು ಒತ್ತಾಯಪಡಿಸುತ್ತೇವೆ. ಇದು ದಯೆಯ ಮಾತಲ್ಲ, ನ್ಯಾಯದ ಮಾತು.